ನೀಲಿ ಜಾಕೆಟ್ಟಿನ ನಲವತ್ತೊಂದು ಗೀಟುಗಳು

ಆಗಸ್ಟ್ 10, ಭಾನುವಾರ, ಬೆಳಿಗ್ಗೆ 6.40. ಇದನ್ನು ಬರೆಯಲು ಕೂತಿದ್ದೇನೆ. ಕಸದ ಆಟೊ ಈಗ ತಾನೇ ಹೋಯಿತು. ನಾನು ಹೇಳಬೇಕಾದದ್ದು ಶುರುವಾಗುವುದೂ ಆ ಆಟೊದಿಂದಲೇ.

ಬಸವೇಶ್ವರನಗರದ ನಮ್ಮ ರಸ್ತೆಗೆ ಹೋದ ವರ್ಷ ಕಸದ ಆಟೊ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಾನು ಅದು ಬಂದ ದಿನಕ್ಕೊಂದು ಗೀಟು, ಬರದ ದಿನಕ್ಕೊಂದು ಸೊನ್ನೆ ಹಾಕುತ್ತಾ ಹೋದೆ. ಮೂರು ತಿಂಗಳ ಆ ಪಟ್ಟಿಯನ್ನು ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರು ವಾರ್ಡ್ ಕಚೇರಿಗೆ ತೆಗೆದುಕೊಂಡು ಹೋದರು. ಅಲ್ಲಿ ಯಾರೂ ವಾದ ಮಾಡಲಿಲ್ಲವಂತೆ. ಆಟೊ ಕ್ರಮಕ್ಕೆ ಬಂತು. ಅವತ್ತಿನಿಂದ ಅಧ್ಯಕ್ಷರು ನಾಯಿ ಹಿಡಿದುಕೊಂಡು ವಾಕಿಂಗ್ ಹೊರಟಾಗ ನಾನು ಕಣ್ಣಿಗೆ ಬಿದ್ದರೆ ಸಾಕು, "ಏನ್ ಪುಟ್ಟಿ, ಇವತ್ತು ಎಷ್ಟು ಬರ್ಕೊಂಡೆ?" ಎಂದು ಕೇಳುತ್ತಿದ್ದರು. ನನಗೆ ಅದು ಇಷ್ಟವಾಗುತ್ತಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಈ ಜೂನ್ ತಿಂಗಳ ಮೊದಲ ವಾರದಲ್ಲಿ ನಮ್ಮ ರಸ್ತೆಯಲ್ಲಿ ಎರಡು ಹೆಲ್ಮೆಟ್ ಮತ್ತು ಒಂದು ಜೊತೆ ಶೂ ಕಾಣೆಯಾದವು. ಆಮೇಲೆ ಎರಡು ಕ್ರಾಸ್ ಆಚೆ ಯಾರದೋ ಸರ ಕಿತ್ತುಕೊಂಡು ಹೋದರೆಂಬ ಸುದ್ದಿ ಬಂತು. ಅದು ನಿಜವೋ ಸುಳ್ಳೋ ಇವತ್ತಿಗೂ ನನಗೆ ಗೊತ್ತಿಲ್ಲ. ಅಧ್ಯಕ್ಷರು ನಮ್ಮ ಮನೆಗೇ ಬಂದರು.

"ನಿಮ್ಮನೆ ವರಾಂಡದಿಂದ ಹೊಂಗೆಮರ ಚೆನ್ನಾಗಿ ಕಾಣತ್ತೆ. ಕ್ಲಿನಿಕ್ಕಿಂದಾನೂ ಕಾಣತ್ತೆ. ಹೊಸ ಮುಖ ಯಾರಾದ್ರೂ ಸುಮ್ಸುಮ್ನೆ ನಿಂತಿದ್ರೆ ಟೈಮ್ ಸಮೇತ ಬರ್ದಿಡಮ್ಮ. ನೀನು ಬರೆದ್ರೆ ಅದಕ್ಕೊಂದು ತೂಕ ಇರತ್ತೆ."

ರಸ್ತೆಯ ಮೂಲೆಯ ಸಣ್ಣ ಕ್ಲಿನಿಕ್ಕಿನಲ್ಲಿ ನಾನು ರೋಗಿಗಳ ಚೀಟಿ ಬರೆಯುವ ಕೆಲಸ ಮಾಡುತ್ತೇನೆ, ಬೆಳಿಗ್ಗೆ ಮೂರು ತಾಸು, ಸಂಜೆ ಮೂರೂವರೆ ತಾಸು. ಮಿಕ್ಕ ಹೊತ್ತು ಮನೆ. ಎರಡೂ ಕಡೆಯಿಂದ ಆ ಹೊಂಗೆಮರ ಕಾಣುತ್ತದೆ. ಜೂನ್ 16, ಸೋಮವಾರ, ಹೊಸ ಪುಟ ತೆರೆದೆ. ನಾಲ್ಕು ಕಾಲಮ್ ಎಳೆದೆ: ತಾರೀಖು, ಗಂಟೆ, ಗುರುತು, ಎಷ್ಟು ಹೊತ್ತು.

ಮೊದಲ ದಿನವೇ ಅವನು ಸಿಕ್ಕಿದ. ಹುಡ್ ಇರುವ ಕಡುನೀಲಿ ಮಳೆ ಜಾಕೆಟ್, ಬೆನ್ನಿಗೆ ಅಡ್ಡಲಾಗಿ ಹೊಳೆಯುವ ಪಟ್ಟಿ, ಬಲತೋಳಿನ ಮೇಲೆ ಸುಟ್ಟ ತೂತಿಗೆ ಬಿಳಿ ದಾರದ ಹೊಲಿಗೆ, ಹೆಲ್ಮೆಟ್, ಹೆಲ್ಮೆಟ್ಟಿನೊಳಗೆ ಮಾಸ್ಕ್. ಡೆಲಿವರಿ ಬ್ಯಾಗು ಕಟ್ಟಿದ ಸ್ಕೂಟರ್. ಸ್ಕೂಟರಿನ ನಂಬರ್ ಬರೆದುಕೊಂಡೆ. ಬೆಳಿಗ್ಗೆ 6.50ಕ್ಕೆ ಎಂಟು ನಿಮಿಷ. ಮಧ್ಯಾಹ್ನ 1.15ಕ್ಕೆ ಹನ್ನೊಂದು ನಿಮಿಷ. ಸಂಜೆ 5.40ಕ್ಕೆ ಆರು ನಿಮಿಷ. ಮರುದಿನವೂ ಅದೇ ನಂಬರ್, ಅದೇ ಜಾಕೆಟ್, ಹೆಚ್ಚೂಕಮ್ಮಿ ಅದೇ ಹೊತ್ತು. ಯಾರ ಮನೆಗೂ ಏನನ್ನೂ ಕೊಡುವುದಿಲ್ಲ. ಮರದ ಕೆಳಗೆ ನಿಲ್ಲುತ್ತಾನೆ, ಆಚೆ ಈಚೆ ನೋಡುತ್ತಾನೆ, ಹೋಗುತ್ತಾನೆ.

ಜುಲೈ 4ರ ಹೊತ್ತಿಗೆ ಹತ್ತೊಂಬತ್ತು ದಿನ ಆಗಿತ್ತು. ನೀಲಿ ಜಾಕೆಟ್ಟಿಗೆ ನಲವತ್ತೊಂದು ಗೀಟು: ಬೆಳಿಗ್ಗೆ ಹದಿನಾರು, ಮಧ್ಯಾಹ್ನ ಹದಿನಾಲ್ಕು, ಸಂಜೆ ಹನ್ನೊಂದು. ಬೇರೆ ಯಾವ ಹೊಸಬರಿಗೂ ಮೂರಕ್ಕಿಂತ ಹೆಚ್ಚು ಇರಲಿಲ್ಲ. ಪುಟದ ಕೊನೆಗೆ ಒಂದು ಸಾಲು ಬರೆದೆ: "ಒಬ್ಬನೇ ವ್ಯಕ್ತಿ, ದಿನಕ್ಕೆ ಎರಡರಿಂದ ಮೂರು ಸಲ, ಕಾರಣ ತಿಳಿಯದು." ಆ ಸಾಲನ್ನು ಬರೆ ಎಂದು ಯಾರೂ ಹೇಳಿರಲಿಲ್ಲ. ಪುಟ ಅರ್ಧಕ್ಕೆ ನಿಂತಂತೆ ಕಂಡಿತು, ಬರೆದೆ.

ಜುಲೈ 5, ಶನಿವಾರ, ಬೆಳಿಗ್ಗೆ 9.10ಕ್ಕೆ ಅಧ್ಯಕ್ಷರು ಆ ಪುಟದ ಫೋಟೊ ತೆಗೆದು ರಸ್ತೆಯ ವಾಟ್ಸಾಪ್ ಗುಂಪಿಗೆ ಹಾಕಿದರು. 9.26ಕ್ಕೆ ಹಿಂದಿನ ಕ್ರಾಸಿನ ಒಬ್ಬ ಆಂಟಿಯ ಉತ್ತರ ಬಂತು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಇರುವವರು, ಟೆರೇಸಿನ ಮೇಲಿನ ರೂಮನ್ನು ಬಾಡಿಗೆಗೆ ಕೊಟ್ಟಿರುವವರು. "ಈ ಗಾಡಿ ನಮ್ಮ ಮೇಲಿನ ರೂಮಿನವರದ್ದು. ಬಿಜಾಪುರದ ಕಡೆಯ ಹುಡುಗರು. ಇಬ್ಬರಿಗೆ ಅಂತ ಕೊಟ್ಟಿದ್ದೆ. ಈಗಲೇ ಹೋಗಿ ನೋಡ್ತೀನಿ." ಹತ್ತು ಗಂಟೆಗೆ ಇನ್ನೊಂದು: "ಹೋಗಿ ನೋಡಿದರೆ ಮೂರು ಚಾಪೆ! ಮೂರನೆಯವನು ಮೂರು ದಿನದಲ್ಲಿ ಜಾಗ ಖಾಲಿ ಮಾಡಬೇಕು ಅಂದಿದ್ದೀನಿ. ಉಳಿದವರ ವಿಷಯ ಭಾನುವಾರ 13ನೇ ತಾರೀಖು ಮೀಟಿಂಗಲ್ಲಿ ಮಾತಾಡೋಣ."

ಹನ್ನೆರಡು ಜನ ಕೈಮುಗಿಯುವ ಚಿತ್ರ ಹಾಕಿದರು. "ಆ ಕಡೆಯವರ ಮಾತೇ ಜಗಳ ಆಡ್ದಂಗಿರತ್ತೆ" ಎಂದು ಒಬ್ಬರು. "ಪುಟ್ಟಿಗೆ ಥ್ಯಾಂಕ್ಸ್ ಹೇಳಿ" ಎಂದು ಇನ್ನೊಬ್ಬರು. ಅಮ್ಮ ಫೋನನ್ನು ದೂರ ಹಿಡಿದು ಎಲ್ಲವನ್ನೂ ಓದಿ ಒಲೆಯ ಹತ್ತಿರ ಹೋದಳು.

ಆ ಮೂರನೆಯವನಿಗೆ ಜುಲೈ 27ಕ್ಕೆ ಸರ್ಕಾರಿ ಕೆಲಸದ ಪರೀಕ್ಷೆ ಇತ್ತು. ಅದಕ್ಕೇ ಅವನು ಊರು ಬಿಟ್ಟು ಬಂದಿದ್ದದ್ದು. ಅಲ್ಲಿಯವರೆಗೆ ಅವನಿಗೆ ಬೇಕಾಗಿದ್ದದ್ದು ಒಂದು ಚಾಪೆ ಹಾಸುವಷ್ಟು ಜಾಗ. ಇದು ನನಗೆ ಗೊತ್ತಾದದ್ದು ಆಮೇಲೆ.

ಜುಲೈ 6, ಭಾನುವಾರ, ಮಧ್ಯಾಹ್ನ 1.15. ಜೋರು ಮಳೆ. ತಟ್ಟೆ ಹಿಡಿದುಕೊಂಡು ವರಾಂಡದಲ್ಲಿ ಕೂತಿದ್ದೆ. ನೀಲಿ ಜಾಕೆಟ್ಟು ಬಂದು ಮರದ ಕೆಳಗೆ ನಿಂತಿತು. ಆ ದಿನ ಅದರ ಹಿಂದೆಯೇ ಇನ್ನೊಬ್ಬ ಓಡಿಬಂದ. ತಲೆಯ ಮೇಲೆ ಪ್ಲಾಸ್ಟಿಕ್ ಚೀಲ, ಬರಿಯ ಬನಿಯನ್. ಮೊದಲನೆಯವನು ಹೆಲ್ಮೆಟ್ ತೆಗೆದು ಅವನಿಗೆ ಕೊಟ್ಟ. ಜಾಕೆಟ್ ಬಿಚ್ಚಿ ಎರಡು ಸಲ ಕೊಡವಿ, ಅಮ್ಮಂದಿರು ಮಕ್ಕಳಿಗೆ ಹಿಡಿಯುವ ಹಾಗೆ ತೋಳು ಅಗಲಿಸಿ ಹಿಡಿದ. ಬನಿಯನ್ನಿನವನು ಬೆನ್ನು ತಿರುಗಿಸಿ ಎರಡೂ ಕೈ ಅದರೊಳಗೆ ತೂರಿಸಿದ. ಸ್ಕೂಟರಿನ ಕೀ ಕೈ ಬದಲಾಯಿತು. ಒಂದು ಫೋನೂ ಕೈ ಬದಲಾಯಿತು. ನೀಲಿ ಜಾಕೆಟ್ಟು ಸ್ಕೂಟರ್ ಹತ್ತಿ ಹೋಯಿತು. ಮೊದಲಿನವನು ಚೀಲ ತಲೆಗೆ ಹಾಕಿಕೊಂಡು ಹಿಂದಿನ ಕ್ರಾಸಿನ ಕಡೆ ಓಡಿದ.

ನಾನು ಬರೆದುಕೊಂಡಿದ್ದು ಗಾಡಿಯ ನಂಬರನ್ನು, ಹೊಲಿಗೆ ಹಾಕಿದ ತೋಳನ್ನು. ಬಂದ ಹೊತ್ತು, ಹೋದ ಹೊತ್ತು ಬರೆಯಲು ಮಾತ್ರ ಕತ್ತೆತ್ತುತ್ತಿದ್ದೆ; ಹತ್ತೊಂಬತ್ತು ದಿನದಲ್ಲಿ ಒಂದು ಮುಖವನ್ನೂ ನೋಡಿರಲಿಲ್ಲ.

ಅಮ್ಮನಿಗೆ ಹೇಳಿದೆ. "ಈಗ್ಲೇ ಹೋಗಿ ಅಧ್ಯಕ್ಷರಿಗೆ ಹೇಳು" ಎಂದಳು.

"ಖಾತ್ರಿ ಮಾಡ್ಕೊಂಡು ಹೇಳ್ತೀನಮ್ಮ. ಇದು ಒಂದು ದಿನದ್ದು. ಇನ್ನೆರಡು ದಿನ ನೋಡ್ತೀನಿ."

"ಅವತ್ತು ಬರ್ಕೊಡುವಾಗ ಎಷ್ಟು ದಿನ ಖಾತ್ರಿ ಮಾಡ್ಕೊಂಡೆ?"

"ಹತ್ತೊಂಬತ್ತು."

"ಏನನ್ನ?"

ಆದರೂ ನಾನು ಹೋಗಲಿಲ್ಲ. ಸೋಮವಾರ ನೋಡಿದೆ, ಮಂಗಳವಾರ ನೋಡಿದೆ. ಈ ಸಲ ಮುಖ ನೋಡಲು ಪ್ರಯತ್ನಪಟ್ಟೆ. ಬೆಳಗಿನವನು ಗಡ್ಡದವನು, ಸ್ವಲ್ಪ ದಪ್ಪ. ಮಧ್ಯಾಹ್ನದವನು ಗಿಡ್ಡ. ಸೋಮವಾರ ಸಂಜೆ ಬಂದವನು ತೆಳ್ಳಗೆ, ಉದ್ದ; ಕ್ಲಿನಿಕ್ಕಿನ ಮುಂದೆ ಜನ ಇದ್ದುದರಿಂದ ಬೆನ್ನು ಮಾತ್ರ ಕಂಡಿತು. ಎಡಗೈಯಿಂದ ಜಿಪ್ ಎಳೆದುಕೊಳ್ಳುತ್ತಿದ್ದ. ಮಂಗಳವಾರ ಸಂಜೆ ಯಾರೂ ಬರಲಿಲ್ಲ. "ಸಂಜೆ: ಇಲ್ಲ" ಎಂದು ಬರೆದು ಪುಸ್ತಕ ಮುಚ್ಚಿದೆ.

ಬುಧವಾರ, ಜುಲೈ 9, ಬೆಳಿಗ್ಗೆ 6.50ಕ್ಕೆ ಕೆಳಗಿಳಿದು ಮರದ ಹತ್ತಿರ ಹೋದೆ. ಗಡ್ಡದವನು ಹೆಲ್ಮೆಟ್ಟನ್ನು ಕನ್ನಡಿಗೆ ನೇತುಹಾಕಿ ಬ್ಯಾಗಿನ ದಾರ ಬಿಗಿಯುತ್ತಿದ್ದ. ನನಗಿಂತ ಎರಡು ಮೂರು ವರ್ಷಕ್ಕೆ ದೊಡ್ಡವನಿರಬಹುದು. ನನ್ನನ್ನು ನೋಡಿ ಸ್ಕೂಟರನ್ನು ಒಂದಡಿ ಹಿಂದಕ್ಕೆ ತಳ್ಳಿಕೊಂಡ.

"ಹೊಂಟೇನ್ರಿ ಅಕ್ಕಾರ, ಎರಡ ನಿಮಿಷ."

"ಹೋಗಿ ಅನ್ನೋಕೆ ಬಂದಿಲ್ಲ ಅಣ್ಣ. ನೀವು ಮೂರು ಜನಾನಾ?"

ಅವನು ಜಾಕೆಟ್ಟನ್ನು ನೋಡಿಕೊಂಡು ನಕ್ಕ. "ಹೌದ್ರಿ. ಗಾಡಿ ಒಂದ, ಹೆಲ್ಮೆಟ್ ಒಂದ, ಫೋನ್ ಒಂದ. ಮುಂಜಾನಿ ನಾನು, ಮಧ್ಯಾಹ್ನ ಅಂವ, ಸಂಜೀಕ ನಮ್ಮ ಮಾಸ್ತರ. ಖರೇ ಹೇಳಬೇಕಂದ್ರ ದುಡಿಯೂದು ಈ ಜಾಕೀಟರೀ. ನಾವು ಬರೇ ಇದನ್ನ ಹೊತಗೊಂಡು ತಿರಗತೀವಿ."

"ಇಲ್ಲೇ ಯಾಕೆ ನಿಲ್ತೀರ?"

"ಆಂಟ್ಯಾರು ಗೇಟಿನ ಮುಂದ ಗಾಡಿ ನಿಂದರಸಬ್ಯಾಡ್ರಿ ಅಂದ್ರು. ಇಲ್ಲಿ ನೆರಳೈತಲ್ರಿ. ಒಬ್ಬಾಂವ ಬರೂತನಕ ಇನ್ನೊಬ್ಬಾಂವ ಕಾಯಬೇಕಲ್ಲ."

ಪುಟದ ಕೊನೆಗೆ "ಕಾರಣ ತಿಳಿಯದು" ಎಂದು ಬರೆದಿದ್ದೆನಲ್ಲ, ಆ ಕಾರಣ ಇಷ್ಟೇ. ಕೇಳಿದ್ದರೆ ಮೊದಲ ದಿನವೇ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

"ಆ ಪಟ್ಟಿ ಬರೆದವಳು ನಾನು" ಎಂದೆ.

ಅವನು ಬ್ಯಾಗಿನ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದ. "ಹೌದೇನ್ರಿ. ಆಂಟ್ಯಾರು ಫೋಟೊ ತೋರಿಸಿದ್ರು. ಅಕ್ಷರ ಭಾಳ ಚಲೋ ಅದಾವ ನಿಮ್ಮವು."

ಮಾಸ್ತರ ಎಂದರೆ ಯಾರು ಎಂದು ಕೇಳಿದೆ. ಅವನು ಮಾಸ್ತರನೇನೂ ಅಲ್ಲ, ಯಾವಾಗಲೂ ಓದುತ್ತಾ ಇರುತ್ತಾನೆಂದು ಇವರಿಟ್ಟ ಹೆಸರು. ಬೆಳಿಗ್ಗೆಯಿಂದ ವಿಜಯನಗರದ ಒಂದು ವಾಚನಾಲಯದಲ್ಲಿ ಕೂತು ಓದಿ, ಸಂಜೆ ಗಾಡಿ ಹತ್ತುತ್ತಿದ್ದ. ಬಾಡಿಗೆ ಮನೆ ಹುಡುಕುವಾಗ ಈ ಮೂವರಿಗೆ ಹದಿನೇಳು ಮನೆಯಲ್ಲಿ ಇಲ್ಲ ಅಂದಿದ್ದರಂತೆ. ಈ ಗಡ್ಡದವನೂ ಲೆಕ್ಕ ಇಟ್ಟಿದ್ದ. "ಮೂರ ಮಂದಿ ಅಂದ್ರ ಬಾಗಲಾನ ತಗೀತಿರಲಿಲ್ರಿ. ಅದಕ್ಕ ಹದಿನೆಂಟನೇ ಮನ್ಯಾಗ ಇಬ್ಬರು ಅಂತ ಸುಳ್ಳ ಹೇಳಿದ್ವಿ. ಅದು ನಮ್ದ ತಪ್ಪ."

"ಅವರೀಗ ರೂಮಲ್ಲಿದಾರಾ? ನಾನೇ ಬಂದು ಮಾತಾಡ್ತೀನಿ."

"ನಿನ್ನಿ ಸಂಜೀಕ ಹ್ವಾದ್ನಲ್ರಿ. 'ನಾ ಹೋದ್ರ ನಿಮ್ಮಿಬ್ಬರಿಗಾದ್ರೂ ರೂಮ್ ಉಳೀತೈತಿ, ಇರ್ಲಿ ಬಿಡ್ರಿ' ಅಂದ. ಕೆಂಗೇರಿ ಕಡೆ ಯಾರೋ ಗುರ್ತಿನವರು ಅದಾರಂತ. ಅವನ ಫೋನ್ ಒಡದ ತಿಂಗಳಾತು. ಎಲ್ಲದಾನೋ ಹೆಂಗದಾನೋ."

ನಾನು ಮಂಗಳವಾರ "ಸಂಜೆ: ಇಲ್ಲ" ಎಂದು ಬರೆದುಕೊಳ್ಳುವಾಗ ಅವನು ಚಾಪೆ ಸುತ್ತಿಕೊಂಡು ಬಸ್ಸಿಗೆ ಕಾಯುತ್ತಿದ್ದಿರಬೇಕು. ಅವನ ಮೇಲೆ ಅನುಮಾನ ಬರೆಯುವಾಗ ನನಗೆ ಬೇಕೆನಿಸದಿದ್ದ ಖಾತ್ರಿ, ನನ್ನ ತಪ್ಪು ಒಪ್ಪಿಕೊಳ್ಳುವಾಗ ಬೇಕಾಯಿತು. ಅದಕ್ಕೆ ಮೂರು ದಿನ ತೆಗೆದುಕೊಂಡೆ. ಅವನಿಗೆ ಕೊಟ್ಟಿದ್ದ ಗಡುವೂ ಮೂರೇ ದಿನ.

ಆ ದಿನವೇ ಅಧ್ಯಕ್ಷರಿಗೆ ಹೇಳಿದೆ. ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ಮೀಟಿಂಗಲ್ಲಿ ನೀನೇ ಹೇಳ್ಬಿಡಮ್ಮ. ನಾನು ಹೇಳಿದ್ರೆ ರಾಜಿ ಮಾಡ್ಸೋಕೆ ಬಂದಿದಾನೆ ಅಂತಾರೆ."

ಜುಲೈ 13, ಭಾನುವಾರ, ಬೆಳಿಗ್ಗೆ ಹತ್ತಕ್ಕೆ ಪಾರ್ಕಿನ ಮಂಟಪದಲ್ಲಿ ಸಭೆ. ಇಪ್ಪತ್ತಮೂರು ಜನ. ಎದ್ದು ನಿಂತು ಪುಸ್ತಕ ತೆರೆದೆ. ನಲವತ್ತೊಂದು ಗೀಟು ಒಬ್ಬನದಲ್ಲ, ಮೂರು ಜನರದು, ಒಂದೇ ಜಾಕೆಟ್ಟನ್ನು ಹಂಚಿಕೊಂಡವರದು ಎಂದೆ.

ಸ್ಟೇಷನರಿ ಅಂಗಡಿಯವರು ತಕ್ಷಣ, "ಅಯ್ಯೋ, ಹಂಗಾದ್ರೆ ಮೂರು ಜನಾನಾ? ಒಬ್ಬನೇ ವಾಸಿ ಇತ್ತಲ್ಲ ಸಾರ್!" ಎಂದರು. ಎಲ್ಲರೂ ನಕ್ಕರು. ನನಗೂ ನಗು ಬಂತು, ಮತ್ತು ಆ ನಗುವಿನಲ್ಲೇ ಎಲ್ಲ ಮುಗಿದುಹೋಗುತ್ತದೆ ಎಂದು ಭಯವಾಯಿತು.

"ಅಂಕಲ್," ಎಂದು ಅಧ್ಯಕ್ಷರ ಕಡೆ ತಿರುಗಿದೆ. "ನೀವು ದಿನಾ ನಾಯಿ ಕರ್ಕೊಂಡು ಅದೇ ಮರದ ಕೆಳಗೆ ಹತ್ತು ನಿಮಿಷ ನಿಲ್ತೀರ. ನಾನು ಒಂದು ಸಲಾನೂ ಬರ್ಕೊಂಡಿಲ್ಲ."

"ನಾನು ಈ ರಸ್ತೆಯವನಲ್ವೇನಮ್ಮ?"

"ಅವ್ರು ಹಿಂದಿನ ಕ್ರಾಸಿನವ್ರು ಅಂಕಲ್. ಇಲ್ಲಿಂದ ನಾಲ್ಕನೇ ಮನೆ."

ಅಧ್ಯಕ್ಷರು ಕಾಲ ಬಳಿ ಮಲಗಿದ್ದ ನಾಯಿಯನ್ನು ನೋಡಿದರು. "ನಿಜ ಹೇಳ್ಬೇಕಂದ್ರೆ ಇವ್ನೇ ಹೊರಗಿನವನು. ಹೇರೋಹಳ್ಳಿಯಿಂದ ತಂದಿದ್ದು" ಎಂದರು. ಮತ್ತೆ ನಗು, ಆದರೆ ಈ ಸಲ ಬೇರೆ ಥರದ್ದು. ಪರಿಚಯದವರಿಗೆ ನನ್ನ ಪುಸ್ತಕದಲ್ಲಿ ಕಾಲಮ್ಮೇ ಇರಲಿಲ್ಲ ಎಂಬುದು ಆ ದಿನ ಎಲ್ಲರೆದುರು ಗಟ್ಟಿಯಾಗಿ ಓದುವಾಗ ನನಗೆ ಸರಿಯಾಗಿ ಕಂಡಿತು. ಯಾರನ್ನು ಬರೆಯಬೇಕು ಎಂಬುದು ಪೆನ್ನು ಎತ್ತುವ ಮೊದಲೇ ತೀರ್ಮಾನವಾಗಿತ್ತು.

ರೂಮು ಬಾಡಿಗೆಗೆ ಕೊಟ್ಟ ಆಂಟಿ ಎದ್ದು ನಿಂತರು. "ನಂಗೇನು ಅವ್ರ ಮೇಲೆ ಹಗೆ ಇಲ್ಲಮ್ಮ. ಇಬ್ರು ಅಂತ ಸುಳ್ಳು ಹೇಳಿದ್ರಲ್ಲ, ಹೆದರಿಕೆ ಆಯ್ತು. ಒಬ್ಳೇ ಇರೋಳು ನಾನು. ಯಾರ್ನ ಅಂತ ನಂಬ್ಲಿ?" ಎಂದರು. ಅವರ ಹೆದರಿಕೆಯೂ ಸುಳ್ಳಲ್ಲ. ಅದನ್ನು ನನ್ನ ಪಟ್ಟಿ ಹೆಚ್ಚಿಸಿತ್ತು. ಇಬ್ಬರು ರೂಮಿನಲ್ಲಿ ಇರಬಹುದು, ಗಾಡಿಯನ್ನು ಗೇಟಿನೊಳಗೇ ನಿಲ್ಲಿಸಿಕೊಳ್ಳಬಹುದು ಎಂದು ಅವರೇ ಹೇಳಿದರು. ಅಧ್ಯಕ್ಷರು ಗುಂಪಿಗೆ ತಿದ್ದುಪಡಿ ಹಾಕಿದರು. ಅದಕ್ಕೆ ನಾಲ್ಕು ಹೆಬ್ಬೆರಳು ಬಂದವು. ನನ್ನ ಕೈಬರಹದ ಫೋಟೊ ಮಾತ್ರ ಅಷ್ಟರಲ್ಲಿ ಬೇರೆ ಎಷ್ಟೋ ರಸ್ತೆಗಳ ಗುಂಪಿಗೆ ಹೋಗಿಬಿಟ್ಟಿತ್ತು. ಶ್ರೀಗಂಧದ ಕಾವಲಿನಲ್ಲಿರುವ ನನ್ನ ಚಿಕ್ಕಮ್ಮನಿಗೂ ತಲುಪಿತ್ತು, ಅಲ್ಲಿಂದ ತಿರುಗಿ ನನಗೇ ಬಂತು, "ಎಚ್ಚರವಾಗಿರಿ" ಎಂಬ ತಲೆಬರಹ ಸಮೇತ.

ಸಭೆ ಮುಗಿದ ಮೇಲೆ ಪಾರ್ಕಿನ ಗೇಟಿನಲ್ಲಿ ಆಂಟಿ ನನ್ನನ್ನು ನಿಲ್ಲಿಸಿದರು. ಕೈಯಲ್ಲೊಂದು ಬಟ್ಟೆ ಅಂಗಡಿಯ ಕವರ್.

"ಗೋಡೆಗೆ ಟೇಪ್ ಅಂಟಿಸ್ಬೇಡಿ, ಪೇಂಟ್ ಕಿತ್ತುಬರತ್ತೆ ಅಂದಿದ್ದೆ ಕಣೇ. ಆ ಓದೋ ಹುಡುಗ ಹಾಳೆಗಳನ್ನೆಲ್ಲ ಟೆರೇಸಲ್ಲಿ ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕ್ತಿದ್ದ. ಬೆಳಗಾಗೆದ್ದು ಹಗ್ಗದುದ್ದಕ್ಕೂ ನಡ್ಕೊಂಡು ಓದ್ತಿದ್ದ. ಅವತ್ತು ಅವಸರದಲ್ಲಿ ಬಿಟ್ಟು ಹೋಗ್ಬಿಟ್ಟಿದಾನೆ. ಮಳೆ ಹನಿ ಬಿತ್ತು, ಓಡಿಹೋಗಿ ತೆಗೆದಿಟ್ಟೆ."

ಕವರಿನಲ್ಲಿ ಇಪ್ಪತ್ತಾರು ಹಾಳೆ. ನದಿಗಳು ಮತ್ತು ಅವುಗಳ ಉಪನದಿಗಳು ಕೆಂಪು ಶಾಯಿಯಲ್ಲಿ, ಜಿಲ್ಲೆಗಳು ನೀಲಿಯಲ್ಲಿ, ಸಂವಿಧಾನದ ವಿಧಿಗಳು ಪೆನ್ಸಿಲಿನಲ್ಲಿ. ಪ್ರತಿ ಹಾಳೆಯ ನೆತ್ತಿಯಲ್ಲಿ ಎರಡು ಕ್ಲಿಪ್ಪಿನ ಗುರುತು. ನಾಲ್ಕು ಹಾಳೆ ನೆನೆದಿದ್ದವು. ಅವನ್ನು ಆಂಟಿ ಫ್ಯಾನಿನ ಕೆಳಗೆ ಹರಡಿ ಒಣಗಿಸಿದ್ದರು.

"ಸಿಕ್ಕಿದ್ರೆ ವಾಪಸ್ ಬರಕ್ಕೆ ಹೇಳು. ಪರೀಕ್ಷೆ ಮುಗಿಯೋವರ್ಗೂ ಇರ್ಲಿ. ಮೂರು ಜನಾನೇ ಇರ್ಲಿ. ನೀನೇ ಹುಡುಕ್ಬೇಕು ಕಣೇ, ಬರೆಯೋಳು ನೀನು ತಾನೇ?"

ಕೊನೆಯ ಮಾತು ಕುಟುಕಿತು. ಕುಟುಕಬೇಕಾದದ್ದೇ.

ಹುಡುಕಿದ ಲೆಕ್ಕ ಹೀಗಿದೆ. ವಿಜಯನಗರದಲ್ಲಿ ಆರು ವಾಚನಾಲಯ, ಎರಡು ಜೆರಾಕ್ಸ್ ಅಂಗಡಿ. ಒಂದು ಕಡೆ "ಎಡಗೈಯವನಾ? ಮೂಲೆ ಕುರ್ಚಿ. ಒಂದು ವಾರದಿಂದ ಬಂದಿಲ್ಲ" ಎಂದರು. ಜುಲೈ 20, ಭಾನುವಾರ, ಗಡ್ಡದ ಅಣ್ಣ ತನ್ನ ಬೆಳಗಿನ ಪಾಳಿ ಬಿಟ್ಟು ನನ್ನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಕೆಂಗೇರಿಗೆ ಕರೆದುಕೊಂಡು ಹೋದ. ಒಂಬತ್ತು ಪಿ.ಜಿ., ನಾಲ್ಕು ಮೆಸ್ಸು. ಒಬ್ಬ ಮಾಲೀಕ ಬಾಗಿಲ ಸಂದಿಯಿಂದಲೇ "ರೂಮಿಲ್ಲ" ಎಂದ. ನಾವು ರೂಮು ಕೇಳಿಯೇ ಇರಲಿಲ್ಲ. "ಇದು ಹದಿನೆಂಟನೇ 'ಇಲ್ಲ' ಅಂತ ಬರಕೋರಿ ಅಕ್ಕಾರ" ಎಂದ ಅಣ್ಣ. ಬರೆದುಕೊಂಡೆ. ಮಾಸ್ತರ ಸಿಗಲಿಲ್ಲ.

ಜುಲೈ 27, ಪರೀಕ್ಷೆಯ ದಿನ, ಬೆಳಿಗ್ಗೆ 8.15ಕ್ಕೆ ರಾಜಾಜಿನಗರದ ಒಂದು ಪರೀಕ್ಷಾ ಕೇಂದ್ರದ ಗೇಟಿನ ಎದುರು ಹೋಗಿ ನಿಂತೆ. ಅವನಿಗೆ ಅದೇ ಕೇಂದ್ರ ಬಿದ್ದಿದೆ ಎಂದು ಯಾರೂ ಹೇಳಿರಲಿಲ್ಲ. ಮನೆಗೆ ಹತ್ತಿರದ್ದು ಅದು, ಅಷ್ಟೆ. ಕೈಯಲ್ಲಿ ಆ ಕವರ್. ತೆಳ್ಳಗೆ ಉದ್ದಗಿನ ಹುಡುಗರು ಒಬ್ಬರ ಹಿಂದೊಬ್ಬರು ಬರುತ್ತಿದ್ದರು. ಯಾರ ಮುಖವನ್ನು ನೋಡಬೇಕು? ಹನ್ನೊಂದು ಗೀಟು ಹಾಕಿದ ಮನುಷ್ಯ ನನ್ನ ಮುಂದೆಯೇ ಹಾದುಹೋದರೂ ನನಗೆ ಗುರುತು ಸಿಗುತ್ತಿರಲಿಲ್ಲ. ಎಲ್ಲರ ಎಡಗೈಗಳನ್ನೇ ನೋಡುತ್ತಾ ನಿಂತೆ.

ಸುಮಾರು ಮುಕ್ಕಾಲು ಗಂಟೆಯ ಮೇಲೆ ಗೇಟಿನ ಕಾವಲುಗಾರ ಹತ್ತಿರ ಬಂದ. "ಏನಮ್ಮ, ಆವಾಗ್ಲಿಂದ ಇಲ್ಲೇ ನಿಂತಿದೀರ. ಪರೀಕ್ಷೆ ಬರೆಯೋರಾ?"

"ಇಲ್ಲ."

"ಮತ್ತೆ ಯಾರು ಬೇಕು? ಹೆಸರೇನು?"

ಅವನ ಇಬ್ಬರು ಗೆಳೆಯರೂ ಕಾಗದಪತ್ರದಲ್ಲಿರುವ ಹೆಸರು ಹೇಳಿದ್ದರು, ಆದರೆ ಆ ಕ್ಷಣ ನನ್ನ ಬಾಯಿಗೆ ಬಂದದ್ದು "ಮಾಸ್ತರ" ಎಂಬುದೊಂದೇ. ಕಾವಲುಗಾರ ನನ್ನ ಕವರನ್ನು ನೋಡಿದ, ನನ್ನ ಕಾಲಿನ ಚಪ್ಪಲಿ ನೋಡಿದ, ಮತ್ತೆ ಮುಖ ನೋಡಿದ. ನಾನು ಬೈಯಿಸಿಕೊಳ್ಳಲು ಸಿದ್ಧಳಾಗಿದ್ದೆ. ಅವನು ತನ್ನ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದು ನೆರಳಿಗೆ ಹಾಕಿದ.

"ಬಿಸ್ಲು ಬರತ್ತೆ. ಕೂತ್ಕೊಂಡು ಕಾಯಿ ತಾಯಿ. ಸಿಕ್ಕೇ ಸಿಗ್ತಾರೆ."

ಬೆಲ್ ಹೊಡೆಯುವವರೆಗೂ ಕೂತಿದ್ದೆ. ಅವನು ನನ್ನನ್ನು ಎಲ್ಲಿಯೂ ಬರೆದುಕೊಳ್ಳಲಿಲ್ಲ.

ಹೊಂಗೆಮರದ ಪುಟವನ್ನು ಜುಲೈ 13ಕ್ಕೇ ನಿಲ್ಲಿಸಿದ್ದೇನೆ. ಹೆಲ್ಮೆಟ್ಟುಗಳು, ಶೂ ಇವತ್ತಿಗೂ ಸಿಕ್ಕಿಲ್ಲ. ಸಂಜೆ 5.40ಕ್ಕೆ ಸ್ಕೂಟರ್ ಆಂಟಿಯ ಗೇಟಿನೊಳಗೆ ಸುಮ್ಮನೆ ನಿಂತಿರುತ್ತದೆ. ಆ ಹೊತ್ತಿನಲ್ಲಿ ಅದನ್ನು ಓಡಿಸುವವರು ಇಲ್ಲ. ನೀಲಿ ಜಾಕೆಟ್ಟು ಬಟ್ಟೆ ಹಗ್ಗದ ಮೇಲೆ, ಹಾಳೆಗಳು ಇದ್ದ ಜಾಗದಲ್ಲಿ.

ಇದನ್ನು ಓದುವವರಲ್ಲಿ ಕೆಂಗೇರಿ ಕಡೆಯವರು, ಪಿ.ಜಿ. ನಡೆಸುವವರು, ವಾಚನಾಲಯದಲ್ಲಿ ಕೂರುವವರು ಇದ್ದರೆ ಒಂದು ಸಹಾಯ ಮಾಡಿ. ಜುಲೈ 8ರ ಸಂಜೆ ಅಥವಾ ಅದರ ಮರುದಿನ, ಸುತ್ತಿದ ಒಂದು ಚಾಪೆಯೊಂದಿಗೆ ಜಾಗ ಕೇಳಿಕೊಂಡು ಬಂದ, ತೆಳ್ಳಗೆ ಉದ್ದಗಿನ, ಎಡಗೈಯಲ್ಲಿ ಬರೆಯುವ, ಏನು ಹೇಳಿದರೂ "ಇರ್ಲಿ ಬಿಡ್ರಿ" ಎನ್ನುವ ಯುವಕ ನಿಮ್ಮ ಕಣ್ಣಿಗೆ ಬಿದ್ದಿದ್ದರೆ, ಈ ಬರಹವನ್ನು ಅಚ್ಚು ಹಾಕಿದವರ ವಿಳಾಸಕ್ಕೆ ಎರಡು ಸಾಲು ಬರೆಯಿರಿ. ಅವನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ; ನಾನು ಒಮ್ಮೆ ಬರೆದದ್ದು ಎಷ್ಟು ಗುಂಪು ಸುತ್ತಿತೆಂದು ನೋಡಿದ್ದೇನೆ. ಅವನು ಎಲ್ಲಿದ್ದಾನೆಂದು ಹೇಳಲು ಅವನಿಗೆ ಇಷ್ಟವಿಲ್ಲದಿದ್ದರೆ ಅದನ್ನು ಬರೆಯಬೇಡಿ. ಇಪ್ಪತ್ತಾರು ಹಾಳೆಗಳೂ ನನ್ನ ಬಳಿ ಕ್ರಮವಾಗಿ ಇವೆ ಎಂದು ಅವನಿಗೆ ತಿಳಿಸಿ. ಮತ್ತು ಅವನು 27ರಂದು ಪರೀಕ್ಷೆಗೆ ಕೂತನೇ, ಅದೊಂದನ್ನು ನನಗೆ ತಿಳಿಸಿ.